ತಾತನ ಡಾಲಿ, ನನ್ನ ಕ್ಯಾಟಲಿನಾ

ನಮ್ಮ ತಾತ ಯುದ್ಧಕ್ಕೆ ಹೋದವರಲ್ಲ. ಯುದ್ಧಕ್ಕೆ ಹೋಗಿ ಬಂದ ವಿಮಾನಗಳು ಅವರ ಹತ್ತಿರ ರಿಪೇರಿಗೆ ಬರುತ್ತಿದ್ದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಶೀಟ್ ಮೆಟಲ್ ಕೆಲಸಕ್ಕೆ ಸೇರಿದರು. ಆಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲವಂತೆ. ಬಂದೂಕು ಮುಟ್ಟಿದವರಲ್ಲ, ವಿಮಾನ ಹತ್ತಿ ಹಾರಿದವರಲ್ಲ, ಪದಕ ಗಿದಕ ಏನೂ ಇಲ್ಲ. ಹಾಗಾಗಿ ಅವರ ನೆನಪಿಗೆ ಒಂದು ವಿಮಾನದ ಸ್ಕೇಲ್ ಮಾಡೆಲ್ ಮಾಡ್ತೀನಿ ಅಂತ ನಾನು ಅಂದಾಗ ದೊಡ್ಡಪ್ಪ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ.

"ಅಪ್ಪ ಯಾವ ವಿಮಾನ ಓಡಿಸಿದ್ರೋ? ಯಾವ್ದು ಅಂತ ಮಾಡ್ತೀಯ?"

ಮಾಡೆಲ್ ಕಟ್ಟುವವರಿಗೆ ಇಂಥ ಕೆಲಸಕ್ಕೆ ಒಂದು ಮಾಮೂಲಿ ದಾರಿ ಇದೆ. ಮನೆಯಲ್ಲಿ ಯಾರಾದರೂ ಪೈಲಟ್ ಇದ್ದರೆ ಅವರ ವಿಮಾನದ ನಂಬರ್ ಹುಡುಕಿ, ಅದೇ ಬಣ್ಣ ಬಳಿದು, ಅದೇ ಸ್ಕ್ವಾಡ್ರನ್ ಗುರುತು ಹಚ್ಚಿ ಗಾಜಿನ ಪೆಟ್ಟಿಗೆಯಲ್ಲಿ ಇಡುವುದು. ಪೈಲಟ್ ತನ್ನ ಹಾರಾಟಗಳನ್ನು ಬರೆದಿಡುವ ಲಾಗ್‌ಬುಕ್ ಕೈಗೆ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೇ. ಆದರೆ ಫಿಟ್ಟರುಗಳಿಗೆ ಎಲ್ಲಿಯ ಲಾಗ್‌ಬುಕ್? ತಾತ ಬಿಟ್ಟು ಹೋದದ್ದು ಎರಡೇ ಸಾಮಾನು. ಒಂದು, ನಂಬರ್ ಹೊಡೆದ ಹಿತ್ತಾಳೆ ಬಿಲ್ಲೆ. ಗೇಟಿನಲ್ಲಿ ತೋರಿಸಿ ಒಳಗೆ ಹೋಗುವುದಕ್ಕೆ. ಇನ್ನೊಂದು, ಅಂಗೈಯಲ್ಲಿ ಹಿಡಿಯುವಷ್ಟು ಕಬ್ಬಿಣದ ತುಂಡು. ಒಂದು ಮುಖ ಬಹಳ ನುಣುಪು, ಉಳಿದ ಮೈಯೆಲ್ಲ ಒರಟು. ಅಜ್ಜಿ ಅದನ್ನು ಶುಂಠಿ ಜಜ್ಜುವುದಕ್ಕೆ ಇಟ್ಟುಕೊಂಡಿದ್ದರು. ಅದು ರಿವೆಟ್, ಅಂದರೆ ತಗಡುಗಳನ್ನು ಸೇರಿಸುವ ಲೋಹದ ಮೊಳೆ, ಹೊಡೆಯುವಾಗ ಹಿಡಿಯುವ ಡಾಲಿ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಕಾರ್ಖಾನೆಯ ಸಾಮಾನು ಅಡುಗೆಮನೆಗೆ ಹೇಗೆ ಬಂತು ಅಂತ ಮಾತ್ರ ಕೇಳಬೇಡಿ.

ಯಾವ ವಿಮಾನ ಅನ್ನುವುದರ ಬಗ್ಗೆ ಮನೆಯವರೆಲ್ಲ ಒಂದೊಂದು ಹೇಳಿದರು. ಕಾರ್ಖಾನೆಯಲ್ಲಿ ಜೋಡಿಸಿದ ಫೈಟರ್ ಮಾಡು ಅಂದರು ಕೆಲವರು. ಅದೂ ಸರಿಯೇ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರವನ್ನು ಜೊತೆಗೆ ಸೇರಿಸಿಕೊಂಡು ಈ ಕಾರ್ಖಾನೆ ಶುರು ಮಾಡಿದ್ದೇ ವಿಮಾನ ಕಟ್ಟುವುದಕ್ಕೆ. 1941ರಲ್ಲಿ ಹಾರ್ಲೋ ಅನ್ನುವ ತರಬೇತಿ ವಿಮಾನ, 1942ರಲ್ಲಿ ಕರ್ಟಿಸ್ ಹಾಕ್ ಅನ್ನುವ ಫೈಟರ್ ಇಲ್ಲಿಂದ ಹಾರಿದವು. ಅಷ್ಟರಲ್ಲಿ ಜಪಾನಿನವರು ಬರ್ಮಾದವರೆಗೆ ಬಂದಾಗಿತ್ತು. 1942ರ ಏಪ್ರಿಲ್‌ನಲ್ಲಿ ಕೊಲಂಬೊ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬ್ ಬಿತ್ತು. ಹೊಸ ವಿಮಾನ ಕಟ್ಟುವುದಕ್ಕಿಂತ ಇರುವುದನ್ನು ರಿಪೇರಿ ಮಾಡಿ ಮತ್ತೆ ಹಾರಿಸುವುದೇ ಮುಖ್ಯವಾಯಿತು. ಸರ್ಕಾರ ಕಾರ್ಖಾನೆಯನ್ನು ವಹಿಸಿಕೊಂಡಿತು, 1943ರಲ್ಲಿ ಅದನ್ನು ನಡೆಸುವ ಹೊಣೆ ಅಮೆರಿಕದ ಸೇನೆಯ ವಾಯುಪಡೆಗೆ ಹೋಯಿತು. ತಾತ ಕಂಡದ್ದು ಈ ರಿಪೇರಿ ಕಾಲವನ್ನೇ. ಸಾಮಾನು ಸಾಗಿಸುವ ಡಕೋಟಾ ಬರುತ್ತಿತ್ತು, ದೊಡ್ಡ ಬಾಂಬರ್‌ಗಳು ಬರುತ್ತಿದ್ದವು. ಆದರೆ ಅವರು ಬಾಯಿ ತುಂಬ ಮಾತಾಡುತ್ತಿದ್ದದ್ದು ಒಂದೇ ಒಂದು ವಿಮಾನದ ಬಗ್ಗೆ. ಅವರ ಬಾಯಲ್ಲಿ ಅದು "ದೋಣಿ ವಿಮಾನ."

ಅದೇ ಕ್ಯಾಟಲಿನಾ. ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿ ಮಾಡಿದ್ದು. ಕೆಳಗೆ ದೋಣಿ, ಮೇಲೆ ಒಂದು ಕಂಬದ ಮೇಲೆ ಕೂರಿಸಿದ ಉದ್ದನೆ ರೆಕ್ಕೆ, ರೆಕ್ಕೆಯ ಮೇಲೆ ಎರಡು ಎಂಜಿನ್. ನೋಡಲು ಚೆಂದ ಅಂತೇನೂ ಹೇಳಲಾರೆ. ವೇಗವೂ ಅಷ್ಟಕ್ಕಷ್ಟೇ. ಆದರೆ ಇಪ್ಪತ್ತು ಗಂಟೆ ಆಕಾಶದಲ್ಲೇ ಇದ್ದು ಸಮುದ್ರ ಕಾಯುವ ತಾಕತ್ತು ಇತ್ತು. 1942ರ ಏಪ್ರಿಲ್ 4ರಂದು ಸಿಲೋನಿನ ಕಡೆ ಬರುತ್ತಿದ್ದ ಜಪಾನಿನ ಹಡಗುಪಡೆಯನ್ನು ಮೊದಲು ಕಂಡದ್ದು ಕೆನಡಾದ ಲೆನಾರ್ಡ್ ಬರ್ಚಲ್ ಅವರ ಕ್ಯಾಟಲಿನಾ. ರೇಡಿಯೋದಲ್ಲಿ ಸುದ್ದಿ ಮುಟ್ಟಿಸುತ್ತಿದ್ದಾಗಲೇ ಅದನ್ನು ಹೊಡೆದು ಉರುಳಿಸಿದರು, ಬರ್ಚಲ್ ಯುದ್ಧ ಮುಗಿಯುವವರೆಗೆ ಸೆರೆಯಲ್ಲಿದ್ದರು. ಮದರಾಸಿನ ಹತ್ತಿರ ರೆಡ್‌ಹಿಲ್ಸ್ ಕೆರೆಯಲ್ಲಿ, ಸಿಲೋನಿನ ಕೊಗ್ಗಲದಲ್ಲಿ, ಕರಾಚಿಯ ಕೊರಂಗಿ ಕ್ರೀಕ್‌ನಲ್ಲಿ ಇವುಗಳ ನೆಲೆ ಇತ್ತು.

ಸರಿ, ಸಮುದ್ರವೇ ಇಲ್ಲದ ಬೆಂಗಳೂರಿಗೆ ದೋಣಿ ವಿಮಾನ ಬರುವುದು ಹೇಗೆ? ಬೆಳ್ಳಂದೂರು ಕೆರೆ ಇತ್ತಲ್ಲ. ಕೆರೆಯ ಮೇಲೆ ಇಳಿಸಿ, ಗಾಲಿ ಕಟ್ಟಿ ದಡಕ್ಕೆ ಎಳೆದು, ಅಲ್ಲಿಂದ ಕಾರ್ಖಾನೆಗೆ ತರುತ್ತಿದ್ದರು. ನಾವು ಚಿಕ್ಕವರಿದ್ದಾಗ ತಾತ ಇದನ್ನು ಹೇಳಿದರೆ ಮಕ್ಕಳನ್ನು ನಗಿಸುವುದಕ್ಕೆ ಕಟ್ಟಿದ ಕಥೆ ಅಂದುಕೊಂಡಿದ್ದೆವು. ಬೆಳ್ಳಂದೂರು ಅಂದರೆ ನನ್ನ ತಲೆಮಾರಿನವರಿಗೆ ರಸ್ತೆಗೆ ಹಾರಿಬರುವ ನೊರೆ, 2017 ಮತ್ತು 2018ರಲ್ಲಿ ಕೆರೆಗೆ ಬೆಂಕಿ ಬಿದ್ದ ಸುದ್ದಿ, ಮೂಗು ಮುಚ್ಚಿಕೊಂಡು ದಾಟುವ ಟ್ರಾಫಿಕ್. ಅಲ್ಲಿ ವಿಮಾನ ಇಳಿಯುತ್ತಿತ್ತು ಅಂದರೆ ಯಾರು ನಂಬುತ್ತಾರೆ? ಆಮೇಲೆ ಓದಿದಾಗ ತಾತ ಹೇಳಿದ್ದು ನಿಜ ಅಂತ ಗೊತ್ತಾಯಿತು. ಕ್ಯಾಟಲಿನಾನೇ ಮಾಡುವುದು ಅಂತ ಅಲ್ಲಿಗೆ ತೀರ್ಮಾನ ಆಯಿತು.

ಕಿಟ್, ಅಂದರೆ ಅಂಟಿಸಿ ಜೋಡಿಸುವ ಪ್ಲಾಸ್ಟಿಕ್ ಬಿಡಿಭಾಗಗಳ ಡಬ್ಬ, ಆರಿಸುವುದು ಸುಲಭವಾಗಿತ್ತು. ಕೊರಿಯಾದ ಅಕಾಡೆಮಿ ಕಂಪನಿಯ 1/72 ಅಳತೆಯದು, ಅಂದರೆ ನಿಜ ವಿಮಾನದ 72ರಲ್ಲಿ ಒಂದು ಪಾಲಿನದು, ತರಿಸಿದೆ. ನಮ್ಮಲ್ಲಿ ಇಂಥ ಕಿಟ್ ಸಿಗುವ ಅಂಗಡಿಗಳು ಕಡಿಮೆ. ಹೊರಗಿನಿಂದ ತರಿಸಿದರೆ ಸಾಗಣೆ, ಸುಂಕ ಎಲ್ಲ ಸೇರಿ ಕಿಟ್ಟಿನ ಬೆಲೆಯೇ ಚಿಕ್ಕದಾಗಿ ಕಾಣುತ್ತದೆ. ಹವ್ಯಾಸ ಅಂದಮೇಲೆ ಇದೆಲ್ಲ ಇದ್ದದ್ದೇ. ನಿಜವಾದ ಕ್ಯಾಟಲಿನಾದ ರೆಕ್ಕೆ ತುದಿಯಿಂದ ತುದಿಗೆ 104 ಅಡಿ, 1/72ರಲ್ಲಿ 44 ಸೆಂಟಿಮೀಟರ್. ಊಟದ ಮೇಜಿನ ಅರ್ಧ ಅದಕ್ಕೇ ಹೋಯಿತು. ಮನೆಯಾಕೆ ಏನೂ ಹೇಳಲಿಲ್ಲ, ಸುಮ್ನೆ ತಟ್ಟೆಗಳನ್ನು ಇನ್ನೊಂದು ಪಕ್ಕಕ್ಕೆ ಸರಿಸಿದಳು.

ಕಷ್ಟ ಶುರುವಾದದ್ದು ಏನನ್ನು ತೋರಿಸಬೇಕು ಅನ್ನುವಲ್ಲಿ.

ರಿವೆಟ್ ಹೊಡೆಯುವುದಕ್ಕೆ ಇಬ್ಬರು ಬೇಕು. ಹೊರಗಿನವನು ಗನ್, ಅಂದರೆ ಗಾಳಿಯ ಒತ್ತಡದಿಂದ ಬಡಿಯುವ ಸುತ್ತಿಗೆ, ಹಿಡಿದು ರಿವೆಟ್ಟಿನ ತಲೆಗೆ ಹೊಡೆಯುತ್ತಾನೆ. ಒಳಗಿನವನು ಆ ಕಡೆ ಹೊರಬಂದ ತುದಿಗೆ ಡಾಲಿ ಒತ್ತಿ ಹಿಡಿಯುತ್ತಾನೆ. ಗನ್ನಿನ ಏಟಿಗೆ ತುದಿ ಡಾಲಿಯ ಮೇಲೆ ಚಪ್ಪಟೆಯಾಗಿ ಹರಡಿ ಎರಡು ತಗಡನ್ನೂ ಕಚ್ಚಿಕೊಳ್ಳುತ್ತದೆ. ಹರಡಿದ್ದು ರಿವೆಟ್ಟಿನ ದಪ್ಪದ ಒಂದೂವರೆಯಷ್ಟು ಅಗಲ, ಅರ್ಧದಷ್ಟು ಎತ್ತರ ಇರಬೇಕು. ಕಡಿಮೆಯಾದರೆ ಹಿಡಿತ ಇಲ್ಲ, ಜಾಸ್ತಿಯಾದರೆ ತಗಡು ಸೀಳುತ್ತದೆ. ಡಾಲಿ ಒಂಚೂರು ವಾರೆಯಾದರೂ ರಿವೆಟ್ ಮಲಗಿಬಿಡುತ್ತದೆ, ಅದನ್ನು ಕೊರೆದು ತೆಗೆದು ಮತ್ತೆ ಹೊಡೆಯಬೇಕು. ಹೊರಗಿನವನಿಗೆ ಒಳಗಿನವನು ಕಾಣುವುದಿಲ್ಲ. ಸರಿ ಅನ್ನುವುದಕ್ಕೂ ಇನ್ನೊಂದು ಸಲ ಹೊಡಿ ಅನ್ನುವುದಕ್ಕೂ ತಗಡಿನ ಮೇಲೆ ತಟ್ಟುವುದೇ ಸನ್ನೆ. ತಾತ ಕುಳ್ಳಗೆ, ಸಣ್ಣಗೆ ಇದ್ದವರು. ಹಾಗಾಗಿ ಅವರನ್ನು ಯಾವಾಗಲೂ ಒಳಗೇ ಕಳಿಸುತ್ತಿದ್ದರಂತೆ. ದೋಣಿಯ ಹೊಟ್ಟೆಯೊಳಗೆ, ಬಾಲದ ಕಡೆ ಕಿರಿದಾಗುತ್ತಾ ಹೋಗುವ ಜಾಗದಲ್ಲಿ, ಮೊಣಕಾಲು ಎದೆಗೆ ಆನಿಸಿಕೊಂಡು. ಗನ್ನಿನ ಸದ್ದಿನ ನಡುವೆ ಮಾತಾಡಿ ಅಭ್ಯಾಸವಾಗಿ ಮನೆಯಲ್ಲೂ ಜೋರು ದನಿ. ಉಪ್ಪು ಕೇಳಿದರೆ ಪಕ್ಕದ ಮನೆಯವರಿಗೂ ಗೊತ್ತಾಗುತ್ತಿತ್ತು.

ಅಂದರೆ ಅವರ ಕೆಲಸ ಎಲ್ಲ ವಿಮಾನದ ಒಳಮೈಯಲ್ಲಿ. ಹೊರಗಿನಿಂದ ನೋಡಿದರೆ ಬರೀ ರಿವೆಟ್ಟಿನ ತಲೆಗಳು, ಅವು ಗನ್ ಹಿಡಿದವನ ಲೆಕ್ಕಕ್ಕೆ. ಕಿಟ್ಟಿನ ಡಬ್ಬದ ಮೇಲಿನ ಚಿತ್ರದ ಹಾಗೆ ಸಮುದ್ರದ ಮೇಲೆ ಹಾರುವ ಕ್ಯಾಟಲಿನಾ ಮಾಡಿಟ್ಟರೆ ಅದು ಪೈಲಟ್ಟಿನ ನೆನಪಾಗುತ್ತದೆ, ತಾತನದಲ್ಲ. ಹೀಗೆ ಯೋಚಿಸಿ ಕೊನೆಗೆ ಒಂದು ನಿರ್ಧಾರಕ್ಕೆ ಬಂದೆ. ವಿಮಾನ ಹಾರಬಾರದು. ದಡಕ್ಕೆ ಬಂದು ಗಾಲಿಯ ಮೇಲೆ ನಿಂತಿರಬೇಕು. ಒಂದು ಎಂಜಿನ್ನಿನ ಮುಚ್ಚಳ ತೆಗೆದಿರಬೇಕು. ದೋಣಿಯ ಎಡಮೈಯಲ್ಲಿ ತಗಡು ಬಿಚ್ಚಿ, ಒಳಗಿನ ಪಕ್ಕೆಲುಬು ಕಾಣಬೇಕು. ಅದರ ಪಕ್ಕದಲ್ಲೇ ಆಗ ತಾನೇ ಹಾಕಿದ, ಇನ್ನೂ ಬಣ್ಣ ಕಾಣದ ಹೊಸ ತೇಪೆ ಇರಬೇಕು. ಅರೆಬರೆ ರಿಪೇರಿಯಾದ ವಿಮಾನ. ಇದನ್ನು ಕೇಳಿ ಮಾಡೆಲ್ ಕಟ್ಟುವ ಗೆಳೆಯನೊಬ್ಬ "ಇಷ್ಟು ಒಳ್ಳೆ ಕಿಟ್ ಹಾಳ್ ಮಾಡ್ತೀಯಲ್ಲೋ" ಅಂದ.

ಮೊದಲು ಎಲ್ಲ ಭಾಗಗಳನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದೆ. ಅಚ್ಚಿನಿಂದ ಬರುವಾಗ ಅಂಟಿಕೊಂಡ ಎಣ್ಣೆ ಹೋಗದಿದ್ದರೆ ಬಣ್ಣ ಕಚ್ಚುವುದಿಲ್ಲ. ಆಮೇಲೆ ದೋಣಿಯ ಎಡ ಹೋಳಿನಲ್ಲಿ, ರೆಕ್ಕೆಯ ಹಿಂದೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಪೆನ್ಸಿಲ್‌ನಲ್ಲಿ ಒಂದು ಚೌಕ ಗುರುತು ಮಾಡಿ ಕೊರೆದೆ. ಕಿಟ್ಟಿನ ಪ್ಲಾಸ್ಟಿಕ್ ಒಂದು ಮಿಲಿಮೀಟರ್‌ಗಿಂತ ತುಸು ದಪ್ಪ. ಕೇಳುವುದಕ್ಕೆ ತೆಳುವೇ. ಆದರೆ 72ರಿಂದ ಗುಣಿಸಿ ನೋಡಿ, ಮೂರು ಇಂಚಿನ ಗೋಡೆಯಾಗುತ್ತದೆ. ನಿಜವಾದ ತಗಡು ಇರುವುದು ಒಂದು ಮಿಲಿಮೀಟರ್ ಆಸುಪಾಸು. ಅದಕ್ಕೆ ತೂತಿನ ಅಂಚನ್ನು ಒಳಗಿನಿಂದ ಕೆರೆದು ಕೆರೆದು, ಬೆಳಕಿಗೆ ಹಿಡಿದರೆ ಆಚೆ ಬೆರಳು ಕಾಣುವಷ್ಟು ತೆಳ್ಳಗೆ ಮಾಡಿದೆ. ಒಳಗೆ ಅಡ್ಡ ಪಕ್ಕೆಲುಬು, ಉದ್ದ ಪಟ್ಟಿಗಳನ್ನು ಪ್ಲಾಸ್ಟಿಕ್ ಪಟ್ಟಿಗಳಿಂದ ಕತ್ತರಿಸಿ ಅಂಟಿಸಿದೆ. ಈ ಕೆಲಸ ನಿಧಾನ. ಅಂಟು ಒಣಗುವ ಮುಂಚೆ ಸರಿ ಮಾಡಬೇಕು, ಒಣಗಿದ ಮೇಲೆ ಮುಟ್ಟಬಾರದು. ಕೈ ನಡುಗುವ ದಿನ ಕೂರಲೇಬಾರದು, ಕಾಫಿ ಕುಡಿದ ತಕ್ಷಣವಂತೂ ಬೇಡ.

ಒಳಗಿನ ಬಣ್ಣದ ವಿಷಯಕ್ಕೆ ಮಾಡೆಲ್ ಮಾಡುವವರು ಜಗಳಕ್ಕೇ ನಿಲ್ಲುತ್ತಾರೆ. ಹಸಿರೋ, ಅಲ್ಯೂಮಿನಿಯಂ ಬೆಳ್ಳಿಯೋ, ಯಾವ ವರ್ಷದಿಂದ ಯಾವುದು ಅಂತ ರಾತ್ರಿಯಿಡೀ ವಾದ ಮಾಡಬಲ್ಲರು. ನನಗೆ ಅಷ್ಟು ತಾಳ್ಮೆ ಇಲ್ಲ. ತಗಡಿಗೆ ತುಕ್ಕು ಹಿಡಿಯದ ಹಾಗೆ ಬಳಿಯುವ ಜಿಂಕ್ ಕ್ರೋಮೇಟ್‌ನ ಹಳದಿ ಮಿಶ್ರಿತ ಹಸಿರು ಬಳಿದೆ. ಅದಕ್ಕೆ ಕಾರಣವೂ ಇದೆ. "ಕೈಗೆಲ್ಲ ಹಳದಿ ಹತ್ತೋದು, ಊಟಕ್ಕೆ ಕೂತ್ರೆ ಅರಿಶಿನ ಹಚ್ಕೊಂಡು ಬಂದಿದ್ದೀಯ ಅಂತ ನಿಮ್ಮಜ್ಜಿ ಆಡ್ಕೊಳ್ಳೋಳು" ಅಂತ ತಾತ ಹೇಳುತ್ತಿದ್ದದ್ದು ನೆನಪಿತ್ತು. ಬೇರೆ ಪುರಾವೆ ನನಗೆ ಬೇಕಾಗಿರಲಿಲ್ಲ.

ಈಗ ತೇಪೆಯ ವಿಷಯ. ಇಡೀ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಭಾಗ ಇದು, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

6 ಮಿಲಿಮೀಟರ್ ತಲೆಯ ರಿವೆಟ್ 1/72ರಲ್ಲಿ 0.08 ಮಿಲಿಮೀಟರ್ ಆಗುತ್ತದೆ. ಹೆಚ್ಚುಕಡಿಮೆ ತಲೆಗೂದಲಿನ ದಪ್ಪ. ನ್ಯಾಯವಾಗಿ ನೋಡಿದರೆ ಈ ಅಳತೆಯಲ್ಲಿ ರಿವೆಟ್ ಕಾಣಲೇಬಾರದು. 1960ರ ದಶಕದ ಏರ್‌ಫಿಕ್ಸ್ ಕಿಟ್‌ಗಳಲ್ಲಿ ಮೈತುಂಬ ಉಬ್ಬು ರಿವೆಟ್ ಇರುತ್ತಿದ್ದವು, ಈಗಿನವರು ಅದನ್ನು ನೋಡಿ ನಗುತ್ತಾರೆ. ಹೊಸ ಕಿಟ್‌ಗಳಲ್ಲಿ ಮೈ ನುಣ್ಣಗೆ, ತಗಡು ಸೇರುವ ಕಡೆ ಸಣ್ಣ ಗೆರೆ ಮಾತ್ರ. ಕಣ್ಣಿಗೆ ಅದೇ ಸರಿ. ಆದರೆ ರಿವೆಟ್ಟರ್ ಒಬ್ಬನ ನೆನಪಿಗೆ ರಿವೆಟ್ಟೇ ಇಲ್ಲದ ವಿಮಾನ ಮಾಡುವುದು ಅಂದರೆ ಏನು ಅರ್ಥ? ಹಾಗಂತ ಮೈತುಂಬ ಚುಚ್ಚಿದರೆ ವಿಮಾನ ನಿಂಬೆಹಣ್ಣಿನ ಸಿಪ್ಪೆಯ ಹಾಗೆ ಕಾಣುತ್ತದೆ. ನಾನು ಮಾಡಿದ್ದು ಇಷ್ಟು: ತೇಪೆಯ ಮೇಲೆ ಮತ್ತು ಅದರ ಸುತ್ತ ಎರಡು ಸಾಲು, ಬೇರೆಲ್ಲೂ ಇಲ್ಲ. ಇತಿಹಾಸ ತಪ್ಪಿರಬಹುದು, ಅಳತೆ ತಪ್ಪಿರಬಹುದು, ಆದರೆ ನೋಡುವವರ ಕಣ್ಣು ಅಲ್ಲಿಗೇ ಹೋಗಬೇಕು ಅನ್ನುವುದು ನನ್ನ ಲೆಕ್ಕ.

ತೇಪೆಗೆ ತಗಡು ಎಲ್ಲಿಂದ ತರುವುದು? ಅಡುಗೆಮನೆಯಲ್ಲೇ ಇತ್ತು. ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್‌ನ ದಪ್ಪ ಸುಮಾರು 0.015 ಮಿಲಿಮೀಟರ್. 72ರಿಂದ ಗುಣಿಸಿದರೆ ಒಂದು ಮಿಲಿಮೀಟರ್ ಚಿಲ್ಲರೆ, ಅಂದರೆ ವಿಮಾನದ ತಗಡಿನದೇ ಅಳತೆ. ಲೋಹವೂ ಅದೇ. ಇದನ್ನು ಲೆಕ್ಕ ಹಾಕಿದ ರಾತ್ರಿ ನಾನು ಒಬ್ಬನೇ ಕೂತು ನಕ್ಕಿದ್ದೇನೆ.

ರಿವೆಟ್ ಸಾಲಿಗೆ ಮೊದಲು ಟೈಲರ್‌ಗಳು ಬಟ್ಟೆಗೆ ಗುರುತು ಹಾಕುವ ಹಲ್ಲಿನ ಗಾಲಿ ನೋಡಿದೆ. ಅದರ ಹಲ್ಲುಗಳ ನಡುವೆ ಅಂತರ ಜಾಸ್ತಿ. ಒಂದು ಇಂಚಿಗೊಂದು ರಿವೆಟ್ ಅಂದುಕೊಂಡರೂ ನನಗೆ ಬೇಕಾಗಿದ್ದ ಅಂತರ 0.35 ಮಿಲಿಮೀಟರ್. ಅಷ್ಟು ಸಣ್ಣ ಹಲ್ಲು ಇರುವುದು ಕೈಗಡಿಯಾರದೊಳಗೆ. ಚಿಕ್ಕಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬ ಹಿರಿಯರ ಹತ್ತಿರ ಹೋದೆ. "ಹಳೇ ವಾಚಿನ ಚಕ್ರ ಇದ್ರೆ ಕೊಡ್ತೀರಾ ಸ್ವಾಮಿ?" ಅಂದೆ. ಯಾವ ವಾಚಿಗೆ ಅಂದರು. ವಾಚಿಗಲ್ಲ, ವಿಮಾನಕ್ಕೆ ಅಂದೆ. ಅವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರ ತೆಗೆದು ನನ್ನನ್ನೇ ಒಂದು ಸಲ ನೋಡಿದರು. ಕಥೆ ಹೇಳಿದೆ. ಕೇಳಿ, ಔಷಧಿ ಡಬ್ಬಿಯೊಂದರಿಂದ ಎರಡು ಮೂರು ಹಿತ್ತಾಳೆ ಚಕ್ರ ಹುಡುಕಿ ಕೊಟ್ಟರು, ದುಡ್ಡು ಬೇಡ ಅಂದರು. ಒಂದು ಚಕ್ರವನ್ನು ಸೂಜಿಗೆ ಪೋಣಿಸಿ, ಸೀಳಿದ ಬಿದಿರುಕಡ್ಡಿಗೆ ಸಿಕ್ಕಿಸಿದೆ. ಫಾಯಿಲನ್ನು ಮೆತ್ತನೆ ರಬ್ಬರಿನ ಮೇಲೆ ಮಗುಚಿ ಇಟ್ಟು, ಉಕ್ಕಿನ ಸ್ಕೇಲ್ ಪಕ್ಕಕ್ಕೆ ಹಿಡಿದು, ಚಕ್ರ ಉರುಳಿಸಿದೆ. ತಿರುಗಿಸಿ ನೋಡಿದರೆ ಸಾಲಾಗಿ ಉಬ್ಬಿದ ಚುಕ್ಕಿಗಳು. ಬೆಳಕು ಒಂದು ಪಕ್ಕದಿಂದ ಬಿದ್ದರೆ ಮಾತ್ರ ಕಾಣುತ್ತವೆ.

ಗಮನಿಸಿ, ಅದನ್ನೂ ಒಳಗಿನಿಂದಲೇ ಒತ್ತಬೇಕು. ಹೊರಗಿನಿಂದ ಒತ್ತಿದರೆ ಗುಂಡಿ ಬೀಳುತ್ತದೆ.

ರಿವೆಟ್ ಬಗ್ಗೆ ತಾತ ಹೇಳುತ್ತಿದ್ದ ಇನ್ನೊಂದು ಸಂಗತಿ ಐಸಿನದು. ಕೆಲವು ಗಟ್ಟಿ ಜಾತಿಯ ರಿವೆಟ್‌ಗಳನ್ನು ಕಾಯಿಸಿ, ತಟ್ಟನೆ ತಣಿಸಿ, ಐಸ್ ಪೆಟ್ಟಿಗೆಯಲ್ಲಿ ಇಡಬೇಕು. ತಣ್ಣಗಿರುವವರೆಗೆ ಮೆತ್ತಗಿರುತ್ತವೆ. ಹೊರಗೆ ತೆಗೆದ ಸ್ವಲ್ಪ ಹೊತ್ತಿಗೆಲ್ಲ ತಾವಾಗಿಯೇ ಗಡುಸಾಗಿಬಿಡುತ್ತವೆ, ಆಮೇಲೆ ಹೊಡೆದರೆ ಸೀಳುತ್ತವೆ. ಹಾಗಾಗಿ ಕೈಯಲ್ಲಿ ರಿವೆಟ್ ಡಬ್ಬಿ ಹಿಡಿದು ಐಸ್ ಪೆಟ್ಟಿಗೆಯಿಂದ ವಿಮಾನಕ್ಕೆ ಓಡುವ ಹುಡುಗರೇ ಬೇರೆ ಇದ್ದರಂತೆ. ಪೆನ್ಸಿಲಿನ ಕಥೆಯೂ ಇದೆ. ನೀರಿಗೆ ಜೋರಾಗಿ ಇಳಿದಾಗ ದೋಣಿಯ ತಳದಲ್ಲಿ ರಿವೆಟ್ ಕಿತ್ತು ಹೋಗಿ ನೀರು ಚಿಮ್ಮಿದರೆ, ಒಳಗಿರುವ ಸಿಬ್ಬಂದಿ ತೂತಿಗೆ ಪೆನ್ಸಿಲ್ ತುರುಕಿ ಮುರಿಯುತ್ತಿದ್ದರು. ಕ್ಯಾಟಲಿನಾ ಹಾರಿಸಿದವರೂ ಇದನ್ನೇ ಹೇಳಿದ್ದಾರೆ. ರಿಪೇರಿಗೆ ಬಂದ ವಿಮಾನದ ತಳದಲ್ಲಿ ತಾತನಿಗೆ ಮುರಿದ ಪೆನ್ಸಿಲ್ ತುಂಡುಗಳು ಸಿಗುತ್ತಿದ್ದವು. ಮನೆಗೆ ತಂದು ತಮ್ಮಂದಿರಿಗೆ ಬರೆಯುವುದಕ್ಕೆ ಕೊಟ್ಟರಂತೆ. ನನ್ನ ಮಾಡೆಲ್‌ನ ತಳದಲ್ಲಿ, ತಿರುಗಿಸಿ ನೋಡಿದರೆ ಮಾತ್ರ ಕಾಣುವ ಹಾಗೆ, ಎರಡು ಚುಕ್ಕಿ ಹಳದಿ ಬಣ್ಣ ಇದೆ. ಅವೇ ಆ ಪೆನ್ಸಿಲುಗಳು.

ಎಂಜಿನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪ್ರಾಟ್ ಅಂಡ್ ವಿಟ್ನಿ ಟ್ವಿನ್ ವಾಸ್ಪ್, ಎರಡು ಸಾಲಿನಲ್ಲಿ ಏಳೇಳು, ಒಟ್ಟು 14 ಸಿಲಿಂಡರ್. ಮುಚ್ಚಳ ತೆರೆದಿಡಬೇಕಾದ್ದರಿಂದ ಸಿಲಿಂಡರ್‌ಗಳಿಗೆ ಹೋಗುವ ವೈರುಗಳನ್ನು ಕೆಟ್ಟುಹೋದ ಇಯರ್‌ಫೋನಿನ ತಾಮ್ರದ ಎಳೆಯಿಂದ ಮಾಡಿದೆ. ಗಾಲಿಗಳೂ ಅಷ್ಟೇ, ಎರಡು ಪಕ್ಕಕ್ಕೆ ಎರಡು ಕಾಲು, ಬಾಲದ ಕೆಳಗೆ ಒಂದು ಪುಟ್ಟ ಬಂಡಿ.

ಬಣ್ಣ ಹೊಡೆಯುವ ಹೊತ್ತಿಗೆ ಮಳೆಗಾಲ ಬಂತು. ಗಾಳಿಯಲ್ಲಿ ತೇವ ಇದ್ದರೆ ಏರ್‌ಬ್ರಷ್ಷಿನಿಂದ ಸಿಂಪಡಿಸಿದ ಬಣ್ಣ ಮಬ್ಬಾಗುತ್ತದೆ. ಬಿಸಿಲು ಬಂದ ದಿನ ನೋಡಿ ಮಹಡಿ ಮೇಲೆ ಕೂರುತ್ತಿದ್ದೆ. ಮೇಲೆ ಕಡು ಬೂದು ಮತ್ತು ಹಸಿರು ಬೂದು, ಕೆಳಗೆ ಬಿಳಿ. ರೆಕ್ಕೆಯ ಹಿಂಭಾಗಕ್ಕೂ ಚುಕ್ಕಾಣಿಗೂ ನಿಜ ವಿಮಾನದಲ್ಲಿ ತಗಡಲ್ಲ, ಬಟ್ಟೆ ಹೊದಿಸಿರುತ್ತಿದ್ದರು. ಬಿಸಿಲಿಗೆ ಬಟ್ಟೆ ಬೇರೆ ಥರ ಮಾಸುತ್ತದೆ ಅಂತ ಅಲ್ಲಿ ಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸಿದೆ. ಕಿಟ್ಟಿನಲ್ಲಿ ಬಂದ ಅಂಟುಚಿತ್ರಗಳು ಪ್ರಯೋಜನಕ್ಕೆ ಬರಲಿಲ್ಲ. ನಮ್ಮ ಕಡೆಯ ಬ್ರಿಟಿಷ್ ವಿಮಾನಗಳ ಗುರುತಿನಲ್ಲಿ ಕೆಂಪು ಬಿಟ್ಟಿದ್ದರು, ಯಾಕೆಂದರೆ ಜಪಾನಿನ ಗುರುತು ಕೆಂಪು ವೃತ್ತ, ದೂರದಿಂದ ನೋಡಿ ನಮ್ಮವರೇ ನಮ್ಮವರಿಗೆ ಹೊಡೆದರೆ? ಅದಕ್ಕೆ ಕಡುನೀಲಿಯೊಳಗೆ ತಿಳಿನೀಲಿ. ಟೇಪನ್ನು ಗುಂಡಗೆ ಕತ್ತರಿಸಿ ಮರೆ ಮಾಡಿ ನಾನೇ ಹೊಡೆದೆ. ವಿಮಾನದ ನಂಬರ್ ಹಾಕಲಿಲ್ಲ. ತಾತನ ಕೈಯಲ್ಲಿ ಹಾದುಹೋದ ವಿಮಾನಗಳ ನಂಬರ್ ನನ್ನ ಹತ್ತಿರ ಇಲ್ಲ, ಬೇರೆ ಯಾರದೋ ವಿಮಾನದ ನಂಬರ್ ತಂದು ಹಾಕುವುದು ನನಗೆ ಸರಿ ಕಾಣಲಿಲ್ಲ. ನಂಬರ್ ಇರಬೇಕಾದ ಜಾಗದಲ್ಲಿ ಬಣ್ಣ ಕೆರೆದುಹೋದ ಹಾಗೆ ಮಾಡಿದೆ, ಸಮುದ್ರದಲ್ಲಿ ನಿಂತ ವಿಮಾನಕ್ಕೆ ಅದು ಸಹಜವೇ. ಅದಕ್ಕೆ ಸುಲಭದ ಉಪಾಯ ಉಪ್ಪು. ಬೆಳ್ಳಿ ಬಣ್ಣ ಒಣಗಿದ ಮೇಲೆ ನೀರು ಚಿಮುಕಿಸಿ, ಪುಡಿ ಉಪ್ಪು ಉದುರಿಸಿ, ಒಣಗಿದ ಮೇಲೆ ಮೇಲಿನ ಬಣ್ಣ ಹೊಡೆಯುವುದು. ಆಮೇಲೆ ಉಪ್ಪನ್ನು ಬ್ರಷ್ಷಿನಿಂದ ಉಜ್ಜಿದರೆ ಅದು ಇದ್ದ ಕಡೆಯೆಲ್ಲ ಕೆಳಗಿನ ಬೆಳ್ಳಿ ಇಣುಕುತ್ತದೆ. ಉಪ್ಪುನೀರಿನಲ್ಲಿ ಸವೆದ ವಿಮಾನವನ್ನು ಉಪ್ಪಿನಿಂದಲೇ ಸವೆಸಿದ ಹಾಗಾಯಿತು.

ನಡುವೆ ಒಂದು ಪ್ರಶ್ನೆ ನನ್ನನ್ನು ಸ್ವಲ್ಪ ಕಾಡಿತು. ತಾತನಿಗೆ ಇದು ಇಷ್ಟವಾಗುತ್ತಿತ್ತಾ? ಅದು ಬ್ರಿಟಿಷರ ಯುದ್ಧ. 1942ರ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಶುರುವಾದಾಗ ಬೆಂಗಳೂರಿನ ಕಾರ್ಖಾನೆಗಳಲ್ಲೂ ಮುಷ್ಕರ ನಡೆದವು. ತಾತನ ಅಣ್ಣ ಖಾದಿ ಹಾಕಿಕೊಂಡು ಮೆರವಣಿಗೆಗೆ ಹೋದರೆ ತಾತ ಬಿಲ್ಲೆ ಹಾಕಿಕೊಂಡು ಗೇಟಿಗೆ ಹೋಗುತ್ತಿದ್ದರು. ಒಂದೇ ಮನೆ, ಒಂದೇ ಸಾರು. ಯುದ್ಧದ ಕಾಲಕ್ಕೆ ಅಕ್ಕಿ ಸಿಗುತ್ತಿರಲಿಲ್ಲ, ಸಂಬಳ ಬರುತ್ತಿದ್ದದ್ದು ತಾತನೊಬ್ಬರಿಗೇ. ಅವರು ಇದನ್ನು ದೇಶಸೇವೆ ಅಂತ ಯಾವತ್ತೂ ಹೇಳಿಕೊಂಡವರಲ್ಲ, ತಪ್ಪು ಮಾಡಿದೆ ಅಂತಲೂ ಹೇಳಲಿಲ್ಲ. "ನಾನು ಹೊಡೆದ ರಿವೆಟ್ ಕಿತ್ತು ಬಂದು ಯಾರೂ ಸತ್ತಿಲ್ಲ" ಅನ್ನುತ್ತಿದ್ದರು, ಅಷ್ಟೇ. ಅದಕ್ಕೆ ಪೀಠದ ಮೇಲೆ ಬರೆಯುವಾಗ ವೀರ, ಯೋಧ, ಸೇವೆ ಅನ್ನುವ ಮಾತು ಯಾವುದೂ ಹಾಕಲಿಲ್ಲ. ಹಿತ್ತಾಳೆ ಬಿಲ್ಲೆಯ ನಂಬರ್ ಮಾತ್ರ ಬರೆಸಿದೆ.

ಪೀಠಕ್ಕೆ ಬೇಕಾಗಿದ್ದು ಬೆಂಗಳೂರಿನ ಕೆಮ್ಮಣ್ಣು. ಹಾಗೇ ಸುರಿದರೆ ಆಗುವುದಿಲ್ಲ. ಒಂದು ಮಿಲಿಮೀಟರ್ ಕಾಳು 1/72ರಲ್ಲಿ ಇಟ್ಟಿಗೆ ಚೂರಿನಷ್ಟಾಗುತ್ತದೆ. ಮಲ್ಲು ಬಟ್ಟೆಯಲ್ಲಿ ಸೋಸಿ, ಅಂಟು ಹಚ್ಚಿದ ಹಲಗೆಯ ಮೇಲೆ ಉದುರಿಸಿದೆ. ವಿಮಾನದ ಪಕ್ಕದ ಅಟ್ಟಣೆಗೆ ಊದುಬತ್ತಿ ಉರಿದ ಮೇಲೆ ಉಳಿಯುವ ಕಡ್ಡಿ ಬಳಸಿದೆ. ಈ ಅಳತೆಯಲ್ಲಿ ಅದು ಸುಮಾರು ನಾಲ್ಕಿಂಚಿನ ಕಂಬವಾಗುತ್ತದೆ. ದೇವರ ಮನೆಯಲ್ಲಿ ಸಿಗುವ ಕಡ್ಡಿ ಸಾಕಷ್ಟಿತ್ತು.

ಕೊನೆಗೆ ಉಳಿದದ್ದು ತಾತ. ರಾಯಲ್ ಏರ್‌ಫೋರ್ಸ್ ನೆಲದ ಸಿಬ್ಬಂದಿಯ ಗೊಂಬೆಗಳ ಒಂದು ಸೆಟ್ ಸಿಕ್ಕಿತು. ಎಲ್ಲರೂ ಆರಡಿ ಆಳುಗಳು. ಐದಡಿ ಎರಡಿಂಚಿನ ತಾತ ಈ ಅಳತೆಯಲ್ಲಿ 22 ಮಿಲಿಮೀಟರ್ ಇರಬೇಕು, ಅದೂ ಕುಕ್ಕರುಗಾಲಲ್ಲಿ ಕೂತು. ಒಂದು ಗೊಂಬೆಯ ಸೊಂಟ, ಮೊಣಕಾಲು ಕತ್ತರಿಸಿ ಮಡಿಸಿ, ಪುಟ್ಟಿ ತುಂಬಿ, ಟೋಪಿ ಕೆತ್ತಿ ತೆಗೆದು, ಖಾಕಿ ಚಡ್ಡಿ ಹಾಕಿಸಿದೆ. ಬಲಗೈಗೆ ಡಾಲಿ ಕೊಟ್ಟೆ, ಅದು ಅರ್ಧ ಸಾಸಿವೆಯಷ್ಟೂ ಇಲ್ಲ. ದೋಣಿಯ ತೂತಿನೊಳಗೆ, ತೇಪೆಯ ಹಿಂದೆ ಕೂರಿಸಿದೆ. ಟಾರ್ಚ್ ಬಿಟ್ಟು ನೋಡಿದರೆ ಮೊಣಕಾಲು ಮತ್ತು ಒಂದು ಕೈ ಕಾಣುತ್ತದೆ. ಹೊರಗೆ ಗನ್ ಹಿಡಿದವನನ್ನು ಕಿಟ್ಟಿನ ಸೆಟ್ಟಿನಲ್ಲಿದ್ದ ಹಾಗೇ ನಿಲ್ಲಿಸಿದೆ.

ದೊಡ್ಡಪ್ಪನಿಗೆ ಈಗ ಎಂಬತ್ತರ ಹತ್ತಿರ. ಯುಗಾದಿಗೆ ಮನೆಗೆ ಬಂದಾಗ ತೋರಿಸಿದೆ. ಕನ್ನಡಕ ಒರೆಸಿಕೊಂಡು, ಟಾರ್ಚ್ ಹಿಡಿದು, ಬಗ್ಗಿ ಬಹಳ ಹೊತ್ತು ನೋಡಿದರು.

"ಬೂಟ್ ಹಾಕಿದ್ದೀಯಲ್ಲೋ. ಅಪ್ಪ ವಿಮಾನದೊಳಗೆ ಬೂಟ್ ಹಾಕ್ತಾ ಇರ್ಲಿಲ್ಲ. ತಗಡು ಗೀರು ಬೀಳುತ್ತೆ ಅಂತ ಬರಿಗಾಲಲ್ಲೇ ಹತ್ತೋರು."

ಅದನ್ನು ಅವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಗೊಂಬೆಯನ್ನು ಚಿಮಟದಲ್ಲಿ ಹೊರಗೆ ತೆಗೆದು, ಬ್ಲೇಡಿನಲ್ಲಿ ಬೂಟು ಕೆರೆದು, ಪಾದಕ್ಕೆ ಕಂದು ಬಣ್ಣ ಹಚ್ಚಿದೆ. ದೊಡ್ಡಪ್ಪ ಹೋಳಿಗೆ ತಿನ್ನುತ್ತಾ ಪಕ್ಕದಲ್ಲೇ ಕೂತಿದ್ದರು. ಒಣಗಿದ ಮೇಲೆ ಮತ್ತೆ ಒಳಗೆ ಕೂರಿಸಿ ಟಾರ್ಚ್ ಅವರ ಕೈಗೆ ಕೊಟ್ಟೆ.

"ಈಗ ಸರಿ" ಅಂದರು. ಮತ್ತೆ ಒಂದು ಸಲ ಬಗ್ಗಿದರು. "ಆದ್ರೆ ಅಪ್ಪನಿಗೆ ಇಷ್ಟು ಹೊಟ್ಟೆ ಇರ್ಲಿಲ್ಲ ಕಣೋ. ಇದು ನಿಂದೇ."